ಹನ್ನೊಂದು ಮುನಿಯಪ್ಪರು, ಒಂದು ಬೀದಿ ತುಂಬ ಜೋನ್ಸರು

ಕೋಲಾರ

ನಾನು ವಿಲಾಯಿತಿ ನೋಡಿದ್ದು ಇನ್ನೊಬ್ಬರ ಕಾಮಾಲೆಯ ದೆಸೆಯಿಂದ. ಹೋಗಬೇಕಾಗಿದ್ದವರು ಕೋಲಾರದ ನಮ್ಮ ಪಡಿತರ ಶಾಖೆಯ ಸಾಹೇಬರು. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿ, ಸೂಟಿಗೆ ಅಳತೆ ಕೊಟ್ಟು ಬಂದ ವಾರದಲ್ಲೇ ಅವರ ಕಣ್ಣು ಹಳದಿಯಾಯಿತು. ಅಲ್ಲಿಂದ ನಮ್ಮನ್ನು ಕರೆಸಿಕೊಳ್ಳುವವರು, "ಅವರಿಗೆ ಆಗದಿದ್ದರೆ ಪಡಿತರ ಪಟ್ಟಿಯ ಕಾಗದಪತ್ರ ನೋಡಿಕೊಳ್ಳುವ ಬೇರೆ ಯಾರಾದರೂ ಬರಲಿ" ಎಂದು ಬರೆದರು. ಆ ಕಾಗದಪತ್ರ ನೋಡಿಕೊಳ್ಳುತ್ತಿದ್ದವಳು ನಾನು, ಪ್ರಥಮ ದರ್ಜೆ ಗುಮಾಸ್ತೆ ರತ್ನಮ್ಮ. ಸಾಹೇಬರನ್ನು ನೋಡಲು ಆಸ್ಪತ್ರೆಗೆ ಹೋದಾಗ ಅವರು ಮಲಗಿದಲ್ಲಿಂದಲೇ ಹೇಳಿದರು, "ಹೋಗ್ಬನ್ನಿ ರತ್ನಮ್ಮ. ನನ್ ಸೂಟ್ ಒಂದು ನಿಮಗೆ ಆಗಲ್ಲ ಅಷ್ಟೇ."

ಎಂಬತ್ತರ ದಶಕದ ನಡುವಿನ ಮಾತು ಇದು. ಕಂಪ್ಯೂಟರ್ ಅಂದರೆ ಏನೆಂದು ನಮ್ಮ ಕಚೇರಿಯಲ್ಲಿ ಕಂಡವರು ಯಾರೂ ಇರಲಿಲ್ಲ. ಆದರೂ ಹಿಂದಿನ ವರ್ಷ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಪಡಿತರ ಪಟ್ಟಿಯನ್ನು ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಕೊಟ್ಟಿದ್ದೆವು. ರಿಜಿಸ್ಟರುಗಳು ಗೋಣಿಚೀಲದಲ್ಲಿ ಜೀಪು ಹತ್ತಿ ಹೋದವು. ಅಂಚಿನುದ್ದಕ್ಕೂ ತೂತು ಬಿದ್ದ, ಮಡಿಕೆ ಮಡಿಕೆಯಾದ ಉದ್ದನೆಯ ಕಾಗದವಾಗಿ ತಿರುಗಿ ಬಂದವು. ನೋಡಲು ಬಹಳ ಚೆನ್ನಾಗಿತ್ತು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಲ್ಲಿ ಹನ್ನೊಂದು ಜನ ಮುನಿಯಪ್ಪರಿದ್ದರು. ಕಾಗದದಲ್ಲಿ ಉಳಿದವನು ಒಬ್ಬನೇ ಮುನಿಯಪ್ಪ.

ಹತ್ತು ಮನೆಗೆ ಮೂರು ತಿಂಗಳು ಅಕ್ಕಿ ಇಲ್ಲ, ಸೀಮೆಎಣ್ಣೆ ಇಲ್ಲ. ಉಳಿದ ಒಬ್ಬ ಮುನಿಯಪ್ಪ ನಾಚಿಕೊಂಡು ತನ್ನ ಪಾಲಿನ ಸೀಮೆಎಣ್ಣೆಯನ್ನು ಸೀಸೆಗಳಲ್ಲಿ ಹತ್ತು ಮನೆಗೂ ಹಂಚುತ್ತಿದ್ದನಂತೆ. ಅವರೆಲ್ಲ ಬಸ್ಸು ಹತ್ತಿ ಕೋಲಾರಕ್ಕೆ ಬಂದು ನನ್ನ ಮೇಜಿನ ಮುಂದೆ ಸಾಲಾಗಿ ನಿಂತ ದಿನ ನನಗೆ ತಲೆ ಎತ್ತಲಾಗಲಿಲ್ಲ. ಸಾಹೇಬರು ಕಂಪನಿಯನ್ನು ಕಪ್ಪು ಪಟ್ಟಿಗೆ ಸೇರಿಸಲು ಕಡತ ತೆರೆದರು. ಆ ಕಡತ ನನ್ನ ಕೈಯಲ್ಲೇ ಇತ್ತು. ವಿಲಾಯಿತಿಯಿಂದ ಬಂದ ಮೇಲೆ ಮುಗಿಸಬೇಕು ಎಂದಾಯಿತು. ನಾನು ನೋಡಿಬರಬೇಕಾಗಿದ್ದದ್ದೂ ಅದಕ್ಕೆ ಸಂಬಂಧಿಸಿದ್ದೇ: ವೇಲ್ಸ್ ಎಂಬ ನಾಡಿನ ಒಂದು ಸಣ್ಣ ಜಿಲ್ಲೆಯ ಸರ್ಕಾರ ಖಾಸಗಿಯವರಿಂದ ಇಂಥ ಕೆಲಸವನ್ನು ಹೇಗೆ ಮಾಡಿಸಿಕೊಳ್ಳುತ್ತದೆ ಎಂಬುದು. ಐದು ವಾರ.

ನಮ್ಮೆಜಮಾನರು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಅಟ್ಲಾಸಿನಲ್ಲಿ ಹುಡುಕಿ, "ಇಲ್ಲಿ ಕಣೇ. ಕುರಿ ಜಾಸ್ತಿ, ಮಳೆ ಜಾಸ್ತಿ" ಎಂದು ತೋರಿಸಿದರು. ಮಾಲೂರಿನಿಂದ ನಮ್ಮತ್ತೆ ಎರಡು ಸೇರು ರಾಗಿಹಿಟ್ಟು ತಂದು ಪೆಟ್ಟಿಗೆಯಲ್ಲಿಟ್ಟರು. "ಸೀಮೆಯೋರು ಮುದ್ದೆ ಮಾಡಲ್ವಂತಲ್ಲ, ಅದ್ಯಂಗ್ ಬದುಕ್ತಾರೋ" ಎಂದರು.

ಚರ್ಚು ಬೀದಿ

ರೈಲು ಇಳಿದಾಗ ಮಳೆ. ನಮ್ಮ ಕಡೆ ಮಳೆ ಬಂದರೆ ಬಂತು ಅಂತ ಗೊತ್ತಾಗುತ್ತದೆ, ಗುಡುಗುತ್ತದೆ, ಜನ ಹೊರಗೆ ಬಂದು ನೋಡುತ್ತಾರೆ. ಅಲ್ಲಿ ಅದು ಮಾತಾಡದೆ ಇಡೀ ದಿನ ಮೈಮೇಲೆ ಇಳಿಯುತ್ತಿರುತ್ತದೆ, ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನಿಲ್ದಾಣದ ಹಲಗೆಯಲ್ಲಿ ಊರಿನ ಹೆಸರು ಎರಡು ಭಾಷೆಯಲ್ಲಿತ್ತು. ಒಂದು ಇಂಗ್ಲಿಷು. ಇನ್ನೊಂದು ಅವರ ಸ್ವಂತದ ವೆಲ್ಷ್ ಭಾಷೆ. ಅದರಲ್ಲಿ ವ್ಯಂಜನಗಳೇ ಒಂದರ ಮೇಲೊಂದು ಬಿದ್ದಿದ್ದವು. ಐದು ವಾರವಿದ್ದರೂ ಆ ಹೆಸರು ನನ್ನ ಬಾಯಿಗೆ ಬರಲಿಲ್ಲ. ಮನೆಗಳ ಮಾಡು ನೋಡಿ ಮಾತ್ರ ನೆಂಟರನ್ನು ಕಂಡ ಹಾಗಾಯಿತು. ನಾವು ಸ್ಕೂಲಿನಲ್ಲಿ ಬಳಪ ಹಿಡಿದು ತಿದ್ದಿದ ಸ್ಲೇಟು ಕಲ್ಲಿನಿಂದಲೇ ಇಡೀ ಊರಿನ ಮಾಡು ಹೊದಿಸಿದ್ದರು.

ನಾನು ಉಳಿಯಬೇಕಾದ ಮನೆಯ ವಿಳಾಸ ಒಂದು ಚೀಟಿಯಲ್ಲಿತ್ತು. ಕೈಯಲ್ಲಿ ಹಿಡಿದು ನಡೆದದ್ದರಿಂದ ಮನೆ ನಂಬರು ಮಳೆಗೆ ಕಲಸಿಹೋಯಿತು. "ಮಿಸೆಸ್ ಜೋನ್ಸ್, ಚರ್ಚು ಬೀದಿ" ಎಂಬಷ್ಟು ಉಳಿದಿತ್ತು. ಒಬ್ಬರನ್ನು ಕೇಳಿದೆ. ನೀಲಿ ಬಾಗಿಲು ತೋರಿಸಿದರು. ತಟ್ಟಿದೆ. ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ದಪ್ಪನೆಯ ಹೆಂಗಸೊಬ್ಬರು ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೀರೆ, ಅದರ ಮೇಲೆ ನಮ್ಮೆಜಮಾನರ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಬೂಟು.

"ಅಯ್ಯೋ, ಒಳಗೆ ಬಾ ತಾಯಿ, ನೆನೆದುಹೋಗಿದ್ದೀಯ" ಎಂದು ಕೈ ಹಿಡಿದು ಎಳೆದುಕೊಂಡರು.

ಒಲೆಯ ಮುಂದೆ ಕೂರಿಸಿದರು. ಚಹಾ ಕೊಟ್ಟರು, ಒಣದ್ರಾಕ್ಷಿ ಹಾಕಿದ ರೊಟ್ಟಿ ಕೊಟ್ಟರು. ನಾನು ಕಾಲುಚೀಲ ಬಿಚ್ಚಿ ಒಲೆಯ ಹತ್ತಿರ ಹರವಿದೆ, ಪೆಟ್ಟಿಗೆಯಿಂದ ಒದ್ದೆಯಾದ ಇನ್ನೊಂದು ಸೀರೆ ತೆಗೆದು ಕುರ್ಚಿಗಳ ಮೇಲೆ ಹಾಕಿದೆ. ನನ್ನ ಕೋಣೆ ಎಲ್ಲಿ ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, "ಸುಸ್ತಾಗಿದ್ದರೆ ನನ್ನ ಮಗಳ ಹಾಸಿಗೆ ಇದೆ" ಎಂದರು. ಹೋಗಿ ಮಲಗಿದೆ. ಒಳ್ಳೆಯ ನಿದ್ದೆ ಬಂತು.

ಎದ್ದು ಬಂದಾಗ ಅಡುಗೆಮನೆಯಲ್ಲಿ ಐವರ್ ಎಂಬ ಪೋಸ್ಟ್‌ಮ್ಯಾನ್ ಕೂತಿದ್ದ. ಟೋಪಿ ತೆಗೆದು ನಮಸ್ಕಾರ ಮಾಡಿದ. "ನೀವು ಇಲ್ಲಿದ್ದೀರಾ? ಕೆಳಗಡೆ ಗ್ವೆನ್ ಮಧ್ಯಾಹ್ನದಿಂದ ಒಬ್ಬ ಇಂಡಿಯನ್ ಹೆಂಗಸನ್ನು ಹುಡುಕುತ್ತಿದ್ದಾಳೆ. ಪೊಲೀಸರಿಗೂ ಹೇಳಿಬಂದಳು. ಇವರು ಬ್ರೆಡ್ ಜೋನ್ಸ್, ಬೇಕರಿ ಇವರದು. ನಿಮಗೆ ಬೇಕಾದವರು ಪಿಯಾನೊ ಜೋನ್ಸ್."

"ಈ ಬೀದಿಯಲ್ಲಿ ಎಷ್ಟು ಜನ ಜೋನ್ಸ್ ಇದ್ದಾರೆ?"

"ಮಿಸೆಸ್ ಜೋನ್ಸ್‌ಗಳೇ ಆರು ಜನ. ಬ್ರೆಡ್ಡು, ಪಿಯಾನೊ, ಸ್ಟೇಷನ್ನು, ಕೋಳಿ, ಎರಡನೇ ಮನೆಯ ಉದ್ದನೆಯವರು, ಆಮೇಲೆ ಮಾತಾಡದವರು."

ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಅವರಿವರ ಮನೆಗೆ ನುಗ್ಗಿ, ಸೀರೆ ಒಣಗಿಸಿ, ಮಲಗಿ ಎದ್ದಿದ್ದೆ. "ನೀವು ಯಾರು ಅಂತ ನನ್ನನ್ನು ಯಾಕೆ ಕೇಳಲಿಲ್ಲ?" ಎಂದೆ.

ಬ್ರೆಡ್ ಜೋನ್ಸಮ್ಮ ಹಿಟ್ಟಿನ ಕೈ ಒರೆಸಿಕೊಂಡರು. "ಮಳೆಯಲ್ಲಿ ನೆನೆದುಕೊಂಡು ಬಾಗಿಲಿಗೆ ಬಂದವರನ್ನ ಯಾರು ಅಂತ ಕೇಳೋದು ಹೇಗೆ? ಚಹಾ ಆದ ಮೇಲೆ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಮಲಗಿಬಿಟ್ಟೆ."

ಪಿಯಾನೊ ಜೋನ್ಸ್, ಅಂದರೆ ಗ್ವೆನ್, ಗಂಡ ಸತ್ತ ಮೇಲೆ ಪಿಯಾನೊ ಹೇಳಿಕೊಡುತ್ತ ಒಬ್ಬರೇ ಇದ್ದರು. ನನ್ನನ್ನು ಕಂಡೊಡನೆ "ಕಾರಿಯಾದ್" ಎಂದು ತಬ್ಬಿಕೊಂಡರು. ನಾವು ಕಣಮ್ಮಾ ಅನ್ನುವ ಹಾಗೆ ಅವರಿಗೆ ಆ ಮಾತು. ತರಕಾರಿಯವನಿಗೂ ಅದೇ, ಬೆಕ್ಕಿಗೂ ಅದೇ. ಮಾರನೆಯ ಬೆಳಿಗ್ಗೆ ತಟ್ಟೆಯಲ್ಲಿ ಕಪ್ಪುಹಸಿರು ಮುದ್ದೆಯೊಂದನ್ನು ಬಡಿಸಿದರು. ಮಸ್ಸೊಪ್ಪು ಎಂದು ಸಂತೋಷದಿಂದ ಬಾಯಿಗಿಟ್ಟೆ. ಸಮುದ್ರದ ರುಚಿ. ಕಡಲ ಬಂಡೆಯಿಂದ ಕಿತ್ತು ತಂದು ಬೇಯಿಸಿದ ಪಾಚಿಯ ಸೊಪ್ಪಂತೆ. ಅದಕ್ಕೆ ಪ್ರತಿಯಾಗಿ ಭಾನುವಾರ ನಾನು ರಾಗಿಮುದ್ದೆ ಮಾಡಿದೆ. ಗ್ವೆನ್ ಅಗಿಯುತ್ತಲೇ ಹೋದರು. ನುಂಗಬೇಕು ಎಂದು ನಾನು ಹೇಳುವುದನ್ನು ಮರೆತಿದ್ದೆ. ಹತ್ತು ನಿಮಿಷವಾದ ಮೇಲೆ ಹೇಳಿದೆ. "ಈಗ ಹೇಳ್ತೀಯಾ" ಎಂದು ಮುದ್ದೆ ಹಲ್ಲಿಗೆ ಅಂಟಿಸಿಕೊಂಡೇ ನಕ್ಕರು.

ಜಿಲ್ಲಾ ಕಚೇರಿ

ಅಲ್ಲಿನ ಜಿಲ್ಲಾ ಸರ್ಕಾರಕ್ಕೆ ಬೇಕಾದುದನ್ನೆಲ್ಲ ಕೊಳ್ಳುವ ಜವಾಬ್ದಾರಿ ಮಿಸ್ಟರ್ ಹ್ಯೂಸ್ ಎಂಬವರದು. ನಿವೃತ್ತಿಗೆ ಹತ್ತಿರವಾದವರು. ಗೋಡೆ ತುಂಬ ಕಡತ, ಕಿಟಕಿಯಲ್ಲಿ ಚಹಾದ ಕೆಟಲು, ಮೇಜಿನ ಮೇಲೆ ಹಾಳೆ ಹಾರದಂತೆ ಇಟ್ಟ ಒಂದು ಕಲ್ಲು. ನಮ್ಮ ಕೋಲಾರದ ಕಚೇರಿಯನ್ನೇ ಎತ್ತಿ ತಂದಿಟ್ಟ ಹಾಗಿತ್ತು. ಮಾತು ಬಹಳ ನಿಧಾನ. ಒಂದು ವಾಕ್ಯ ಶುರುಮಾಡಿ ಮುಗಿಸುವ ಹೊತ್ತಿಗೆ ಚಹಾ ತಣ್ಣಗಾಗುತ್ತಿತ್ತು.

ಆಗ ಅವರ ಮೇಜಿನ ಮೇಲಿದ್ದದ್ದು ಊಟದ ಪಟ್ಟಿ. ಒಬ್ಬಂಟಿಯಾಗಿರುವ ಮುದುಕ ಮುದುಕಿಯರಿಗೆ ಸರ್ಕಾರದವರು ದಿನಾ ಮಧ್ಯಾಹ್ನ ಬಿಸಿಯೂಟ ಕಳಿಸುತ್ತಿದ್ದರು. ಯಾರಿಗೆ, ಯಾವ ಊಟ, ಯಾವ ದಾರಿಯಲ್ಲಿ ಎಂಬ ಪಟ್ಟಿಯನ್ನು ಒಂದು ಕಂಪ್ಯೂಟರ್ ಕಂಪನಿ ತಯಾರು ಮಾಡಿ ಕೊಡುತ್ತಿತ್ತು. ಆ ಕರಾರು ಹೊಸದಾಗಿ ಆಗಬೇಕಾಗಿತ್ತು.

ಹ್ಯೂಸ್ ನನಗೆ ತಮ್ಮ ಹೊಸ ನಮೂನೆ ತೋರಿಸಿದರು. ಮೊದಲ ಪುಟದಲ್ಲಿ ದರದ ಮಾತೇ ಇರಲಿಲ್ಲ. ಈ ಕೆಲಸ ಕೆಟ್ಟರೆ ಯಾರಿಗೆ ಏನಾಗುತ್ತದೆ ಎಂದು ಕೇಳಿದ್ದರು. ಅದಕ್ಕೆ ಕೆಳಗೆ ಜನರ ಹೆಸರನ್ನೇ ಬರೆದು ಉತ್ತರ ಕೊಡಬೇಕು. ಅಧಿಕಾರಿಗಳ ಹೆಸರಲ್ಲ, ಊಟ ಮಾಡುವವರ ಹೆಸರು.

"ಮೊದಲು ಹೀಗಿರಲಿಲ್ಲ" ಎಂದರು ಹ್ಯೂಸ್. "ಕಲ್ಲಿದ್ದಲು ಕೊಳ್ಳುವ ನಮೂನೆಯಲ್ಲೇ ಇದನ್ನೂ ಕೊಂಡಿದ್ದೆವು. ಇಷ್ಟು ಟನ್ನು ಕಲ್ಲಿದ್ದಲು, ಇಷ್ಟು ಸಾಲು ಪಟ್ಟಿ. ತೂಕ ಸರಿಯಿದ್ದರೆ ಸಹಿ."

ನಾನು ಚಹಾದ ಬಟ್ಟಲು ನೋಡುತ್ತ ಕೂತೆ. ಕಂಪ್ಯೂಟರ್ ಪಟ್ಟಿಗೆ ಟೆಂಡರು ಬರೆಯುವಾಗ ನಮ್ಮ ಕಚೇರಿಯಲ್ಲಿ ಹಳೆಯ ಮಾದರಿ ಇರಲಿಲ್ಲ. ಆದ್ದರಿಂದ ಕಬ್ಬಿಣದ ಬೀರು ಕೊಂಡ ಹಳೆಯ ಟೆಂಡರನ್ನು ಮುಂದಿಟ್ಟುಕೊಂಡು ಅದರ ಮೇಲೆ ಹೊಸದನ್ನು ತಿದ್ದಿದ್ದೆವು. ಅದರಲ್ಲಿ, "ಒಂದೇ ಸಾಮಾನು ಬಿಲ್ಲಿನಲ್ಲಿ ಎರಡು ಬಾರಿ ಬರತಕ್ಕದ್ದಲ್ಲ" ಎಂಬ ಷರತ್ತಿತ್ತು. ಹೊಸದರಲ್ಲಿ ಅದು, "ಒಂದೇ ಗ್ರಾಮದಲ್ಲಿ ಒಂದೇ ಹೆಸರು ಎರಡು ಬಾರಿ ಬರತಕ್ಕದ್ದಲ್ಲ" ಎಂದಾಯಿತು. ಕಂಪನಿಯವರು ಅಕ್ಷರಶಃ ಹಾಗೆಯೇ ಮಾಡಿದ್ದರು.

ಹ್ಯೂಸ್ ಅವರಿಗೆ ರಾಯಲ್ಪಾಡಿನ ಕಥೆ ಹೇಳಿದೆ. ಹನ್ನೊಂದು ಜನ ಒಬ್ಬನಾದದ್ದು ಕೇಳಿ ಅವರು ನಗಲಿಲ್ಲ. "ಆ ಷರತ್ತು ಬರೆದದ್ದು ಯಾರು?" ಎಂದು ಕೇಳಿದರು.

"ಮೇಲಿನವರು" ಎಂದೆ.

ಅದು ಸುಳ್ಳು. ಸಾಹೇಬರು ಓದದೆ ಸಹಿ ಹಾಕಿದ್ದರು, ನಿಜ. ಆದರೆ ಆ ಸಾಲನ್ನು ಯೋಚಿಸಿ ಬರೆದವಳು ನಾನು, ಟೈಪು ಮಾಡಿದವಳೂ ನಾನು. ಐದು ಸಾವಿರ ಮೈಲಿ ದೂರದಲ್ಲಿ, ನಮ್ಮ ಊರಿನ ಗಾಳಿಯೂ ಸೋಕದ ಒಬ್ಬ ಮನುಷ್ಯನ ಮುಂದೆ ಸುಳ್ಳು ಹೇಳುವ ಅಗತ್ಯವೇನಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಭ್ಯಾಸ ಬಲ ಇರಬೇಕು.

ಊಟದ ವ್ಯಾನು

ಹ್ಯೂಸ್ ಒಂದು ನಿಯಮ ಮಾಡಿದ್ದರು. ಪಟ್ಟಿ ಮಾಡುವ ಕಂಪನಿಯವರು ಸಹಿ ಹಾಕುವ ಮೊದಲು ಒಂದಿಡೀ ದಿನ ಊಟದ ವ್ಯಾನಿನಲ್ಲಿ ಕೂತು ಮನೆಮನೆಗೆ ಹೋಗಬೇಕು. ಆ ಸಲ ಬಂದವರು ಇಂಗ್ಲೆಂಡಿನ ದೊಡ್ಡ ಊರಿನ ಮಿಸ್ಟರ್ ಕಾರ್ಟರ್. ಬೂದು ಸೂಟು, ಮಿರಮಿರ ಮಿಂಚುವ ಬೂಟು. ಹ್ಯೂಸ್ ನನ್ನನ್ನೂ ಜೊತೆಗೆ ಹತ್ತಿಸಿದರು. ವ್ಯಾನು ಓಡಿಸುವವರು ಯಾರೆಂದರೆ ನಮ್ಮ ಬ್ರೆಡ್ ಜೋನ್ಸಮ್ಮ. ಬೇಕರಿಯ ವ್ಯಾನನ್ನೇ ಸರ್ಕಾರ ಈ ಕೆಲಸಕ್ಕೂ ಗೊತ್ತುಮಾಡಿಕೊಂಡಿತ್ತು.

ಬೆಟ್ಟದ ದಾರಿ. ನಮ್ಮ ಕಡೆ ನಂಗಲಿಯ ಚೆಕ್‌ಪೋಸ್ಟಿನಲ್ಲಿ ಲಾರಿ ಸಾಲಿನ ಹಿಂದೆ ಬಸ್ಸು ಸಿಕ್ಕಿಕೊಂಡರೆ ನಮ್ಮ ಡ್ರೈವರು ಹಾರನ್ನಿನ ಮೇಲೆ ಕೈ ಇಟ್ಟವನು ತೆಗೆಯುವುದಿಲ್ಲ. ಇಲ್ಲಿ ದಾರಿಗಡ್ಡ ನಿಂತ ಕುರಿಗಳಿಗೆ ಜೋನ್ಸಮ್ಮ ಹಾರನ್ನೇ ಹೊಡೆಯಲಿಲ್ಲ. ವ್ಯಾನಿನಿಂದ ಇಳಿದು, ಅವುಗಳ ಹತ್ತಿರ ಹೋಗಿ, ವೆಲ್ಷ್‌ನಲ್ಲಿ ಏನೋ ಹೇಳಿದರು. ಕುರಿಗಳು ಸರಿದುಕೊಂಡವು. "ಇಂಗ್ಲಿಷಿನಲ್ಲಿ ಹೇಳಿದ್ರೆ ಕೇಳಲ್ಲ" ಎಂದು ಕಾರ್ಟರ್ ಕಡೆ ನೋಡಿ ಹೇಳಿದರು.

ಏಳನೆಯ ಮನೆಯಲ್ಲಿ ಗೋಜಲು ಶುರುವಾಯಿತು. ಪಟ್ಟಿಯಲ್ಲಿ ಇ. ಜೋನ್ಸ್, ಮಾಂಸ ಬೇಡ, ಮೆತ್ತಗಿನ ಊಟ ಎಂದಿತ್ತು. ಬಾಗಿಲು ತೆರೆದವನು ಆರಡಿ ಎತ್ತರದ ಕುರಿಗಾಹಿ ಮುದುಕ. ತಟ್ಟೆಯ ಮುಚ್ಚಳ ಎತ್ತಿ ನೋಡಿ, "ಈ ವಾರ ಮೂರನೇ ಸಲ ಹಿಸುಕಿದ ಆಲೂಗಡ್ಡೆ. ನಾಯಿನೂ ಮೂಸಲಿಲ್ಲ" ಎಂದ. ಕಾರ್ಟರ್ ಪಟ್ಟಿ ತೆಗೆದು, ಹೆಸರು ಸರಿಯಿದೆ, ಬೀದಿ ಸರಿಯಿದೆ ಎಂದು ಬೆರಳಿಟ್ಟು ತೋರಿಸಿದ. ಮುದುಕ ಪಟ್ಟಿಯನ್ನು ನೋಡಲೂ ಇಲ್ಲ.

ಬೆಟ್ಟದ ಕೆಳಗೆ ಇನ್ನೊಬ್ಬರು ಇ. ಜೋನ್ಸ್. ತೊಂಬತ್ತು ದಾಟಿದ ಅಜ್ಜಿ, ಬಾಯಲ್ಲಿ ಒಂದು ಹಲ್ಲಿಲ್ಲ. ಅವರಿಗೆ ಬಂದದ್ದು ಕುರಿಮಾಂಸದ ದೊಡ್ಡ ದೊಡ್ಡ ತುಂಡು. ಅಜ್ಜಿಗೆ ಬರುತ್ತಿದ್ದದ್ದು ವೆಲ್ಷ್ ಮಾತ್ರ. ಕಾರ್ಟರಿಗೆ ಅದು ಗೊತ್ತಿಲ್ಲ. ಅಜ್ಜಿ ಉದ್ದಕ್ಕೆ ಏನೋ ಹೇಳುತ್ತಿದ್ದರೆ ಆತ ತಲೆಯಾಡಿಸುತ್ತ ನಿಂತಿದ್ದ. ಬೆಂಗಳೂರಿನಿಂದ ಬಂದ ಅಧಿಕಾರಿಗಳು ರಾಯಲ್ಪಾಡಿನಲ್ಲಿ ತೆಲುಗು ಕೇಳಿಸಿಕೊಂಡು ಹೀಗೆಯೇ ತಲೆಯಾಡಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಜೋನ್ಸಮ್ಮ ಬಿಡಿಸಿ ಹೇಳಿದರು:

"ಮೂರು ದಿನದ ಮಾಂಸ ತೆಗೆದಿಟ್ಟಿದ್ದಾರಂತೆ. ಇದು ಯಾರದೋ ಪಾಲು, ಅವರು ಹಸಿದುಕೊಂಡಿರಬಹುದು, ತಗೊಂಡು ಹೋಗಿ ಕೊಡಿ ಅಂತಿದ್ದಾರೆ."

ಅಜ್ಜಿ ಒಳಗಿನಿಂದ ಕಾಗದದಲ್ಲಿ ಸುತ್ತಿದ ಮೂರು ಪೊಟ್ಟಣ ತಂದು ಕಾರ್ಟರ್ ಕೈಯಲ್ಲಿ ಇಟ್ಟರು. ಆತ ಅವನ್ನು ಎದೆಗೆ ಒತ್ತಿಹಿಡಿದು ವ್ಯಾನಿನ ತನಕ ಕೆಸರಿನಲ್ಲಿ ನಡೆದ. ಬೂಟಿನ ಮಿಂಚು ಹೋಗಿತ್ತು. ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ನೀವು ಇವರಿಬ್ಬರನ್ನ ಹೇಗೆ ಬೇರೆ ಮಾಡ್ತೀರಿ?"

"ಅವನು ಮೇಲ್ಗಡೆಯ ಎಮ್ರಿಸ್, ಇವರು ಸೇತುವೆಯ ಎಲೆನ್. ಎಲ್ಲರಿಗೂ ಗೊತ್ತು."

"ನಮ್ಮ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ."

"ಹಾಗಾದ್ರೆ ಒಂದು ಮಾಡಿ" ಎಂದರು ಜೋನ್ಸಮ್ಮ, ಗೇರು ಬದಲಾಯಿಸುತ್ತ. "ನಿಮ್ಮ ಹತ್ತಿರ ನಾವು ಕೊಂಡುಕೊಳ್ತಿರೋದು ಅದನ್ನೇ ಅಲ್ವಾ?"

ಕಾರ್ಟರ್ ಪುಸ್ತಕ ತೆಗೆದು ಬರೆದುಕೊಂಡ. ಸಂಜೆಯೊಳಗೆ ಆತ ಕುರಿಗಳನ್ನು ಓಡಿಸಲು ಇಳಿದು ಹೋಗುವಷ್ಟಾಗಿದ್ದ. ಕುರಿಗಳೇನೋ ಆತನ ಮಾತು ಕೇಳಲಿಲ್ಲ.

ಗುರುವಾರ

ಹ್ಯೂಸ್ ಪ್ರತಿ ಗುರುವಾರ ಮಧ್ಯಾಹ್ನ ಎಲ್ಲಿಗೋ ಹೋಗುತ್ತಿದ್ದರು. ನಾಲ್ಕನೆಯ ವಾರ ನನ್ನನ್ನೂ ಕರೆದರು. ಊರಾಚೆಯ ಒಂದು ಪುಟ್ಟ ಮನೆ. ಒಳಗೆ ಕಿವಿ ಕೇಳದ ಮುದುಕರೊಬ್ಬರು ಚೌಕಾಬಾರದಂಥ ಒಂದು ಆಟದ ಹಲಗೆ ಹಾಸಿಕೊಂಡು ಕಾಯುತ್ತಿದ್ದರು. ಇಬ್ಬರೂ ಮಾತಿಲ್ಲದೆ ಆಡತೊಡಗಿದರು. ಮುದುಕರು ಗೆಲ್ಲುತ್ತಿದ್ದರು.

ಹ್ಯೂಸ್ ಕಾಯಿ ನಡೆಸುತ್ತ ನನಗೆ ಹೇಳಿದರು. "ಕಲ್ಲಿದ್ದಲಿನ ನಮೂನೆಯಲ್ಲಿ ಕೊಂಡೆವು ಅಂದೆನಲ್ಲ. ಕೊಂಡವನು ನಾನು. ಆ ಪಟ್ಟಿಯಲ್ಲಿ ಇವರ ಹೆಸರು ಬಿಟ್ಟುಹೋಯಿತು. ಒಂಬತ್ತು ದಿನ ಯಾರೂ ಈ ಬಾಗಿಲಿಗೆ ಬರಲಿಲ್ಲ. ಐವರ್ ಕಾಗದ ಕೊಡಲು ಬಂದವನು ಇವರು ನೆಲದ ಮೇಲೆ ಬಿದ್ದಿರುವುದನ್ನು ನೋಡಿದ."

"ಅವರಿಗೆ ಗೊತ್ತಾ, ನೀವು ಅಂತ?"

"ಆಸ್ಪತ್ರೆಯಿಂದ ಬಂದ ದಿನ ನಾನೇ ಬಂದು ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಬರೆದು ತೋರಿಸಿದೆ. ಓದಿ, ಆಟ ಬರುತ್ತಾ ಅಂತ ಕೇಳಿದರು."

ಮಳೆ ನಿಂತಿತ್ತು. ಕಿಟಕಿಯ ಆಚೆ ಗುಡ್ಡದ ಮೇಲೆ ಸ್ವಲ್ಪ ಬಿಸಿಲು ಬಿದ್ದಿತ್ತು. ನಾನು ಹೇಳಿದೆ, "ಮಿಸ್ಟರ್ ಹ್ಯೂಸ್, ಆ ಷರತ್ತು ಬರೆದದ್ದು ಮೇಲಿನವರಲ್ಲ. ನಾನು."

ಅವರು ತಲೆಯೆತ್ತಲಿಲ್ಲ. "ಈಗ ನಿಮ್ಮ ಕಡತದಲ್ಲಿ ಏನಿದೆ?"

"ಕಂಪನಿಯ ತಪ್ಪು ಅಂತ ಇದೆ."

ಅವರು "ಹೂಂ" ಎಂದು ಕಾಯಿ ನಡೆಸಿದರು. ಮುದುಕರು ಎರಡು ಕಾಯಿ ಒಟ್ಟಿಗೆ ಹೊಡೆದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಹೊರಡುವ ದಿನ ನಿಲ್ದಾಣಕ್ಕೆ ಮೂರು ಜನ ಮಿಸೆಸ್ ಜೋನ್ಸ್ ಬಂದಿದ್ದರು. ಮಾತಾಡದ ಮಿಸೆಸ್ ಜೋನ್ಸ್ ಕೂಡ. ಅವರು ನನ್ನ ಕೈಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು, ಏನೂ ಹೇಳದೆ, ರೈಲು ಹೊರಡುವ ತನಕ ಕಿಟಕಿಯ ಪಕ್ಕದಲ್ಲೇ ನಿಂತಿದ್ದರು. ಗ್ವೆನ್ ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಬ್ರೆಡ್ ಜೋನ್ಸಮ್ಮ ಮಾತ್ರ, "ಮುಂದಿನ ಸಲ ನಂಬರು ನೋಡ್ಕೊಂಡು ಬಾಗಿಲು ತಟ್ಟು. ಇಲ್ಲದಿದ್ರೆ ನೋಡದೇ ತಟ್ಟು, ನನಗೇನೂ ಇಲ್ಲ" ಎಂದರು.

ಮತ್ತೆ ಕೋಲಾರ

ಊರಿಗೆ ಬಂದ ಮೂರನೆಯ ದಿನ ಕಡತ ತೆಗೆದೆ. ಎರಡು ಪುಟದ ಟಿಪ್ಪಣಿ ಬರೆದೆ. ಕಂಪನಿ ಷರತ್ತಿನಂತೆ ನಡೆದಿದೆ, ಷರತ್ತು ತಪ್ಪು, ಬರೆದವಳು ನಾನು, ಸಹಿ ಸಾಹೇಬರದು, ಬೀರು ಕೊಳ್ಳುವ ನಮೂನೆಯಲ್ಲಿ ಜನರ ಪಟ್ಟಿ ಮಾಡಿಸಬಾರದು ಎಂದು. ಅದರ ಜೊತೆಗೆ ಹೊಸ ಷರತ್ತುಗಳನ್ನೂ ಸೇರಿಸಿದೆ. ಪಟ್ಟಿಯಲ್ಲಿ ಊರಿನವರು ಕರೆಯುವ ಹೆಸರಿಗೂ ಒಂದು ಕಾಲಂ ಇರಬೇಕು. ಪಟ್ಟಿಯನ್ನು ಒಪ್ಪಿಕೊಳ್ಳುವ ಮೊದಲು ಊರಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಓದುವಾಗ ಕಂಪನಿಯವರು ಅಲ್ಲೇ ಕೂತಿರಬೇಕು. ಪೋಸ್ಟ್‌ಮ್ಯಾನ್ ಸರಿ ಅಂದ ಮೇಲೆ ಸಹಿ.

ಸಾಹೇಬರ ಕಾಮಾಲೆ ವಾಸಿಯಾಗಿತ್ತು. ಓದಿ ಕನ್ನಡಕ ತೆಗೆದಿಟ್ಟರು.

"ಏನ್ರೀ ಇದು? ಇದನ್ನ ಮೇಲಕ್ಕೆ ಕಳ್ಸಿದ್ರೆ ನಿಮಗೇ ನೋಟಿಸ್ ಬರತ್ತೆ."

"ಬರ್ಲಿ ಸಾರ್."

"ಸಹಿ ಹಾಕಿದೋನು ನಾನು. ನನ್ಗೂ ಬರತ್ತೆ."

ಅದನ್ನು ನಾನು ಯೋಚಿಸಿರಲಿಲ್ಲ. "ನಿಮ್ಮ ಹೆಸರಿರೋ ಸಾಲು ತೆಗೀತೀನಿ ಸಾರ್" ಎಂದೆ.

ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು. "ಬಿಡ್ರೀ" ಎಂದರು ಕೊನೆಗೆ. "ಓದ್ದೆ ಸಹಿ ಹಾಕಿದ್ದು ನಿಜ ತಾನೆ. ಆದ್ರೆ ನಾಲ್ಕು ತಾಲ್ಲೂಕಿಗೂ ಒಟ್ಟಿಗೆ ಅಂದ್ರೆ ಮೇಲೆ ಒಪ್ಪಲ್ಲ. ಒಂದು ಹೋಬಳಿಲಿ ಮಾಡಿ ತೋರ್ಸೋಣ. ಅದೇ, ಆ ನಿಮ್ಮ ಮುನಿಯಪ್ಪಂದಿರ ಹೋಬಳಿ."

ನೋಟಿಸು ಬಂತು, ಇಬ್ಬರಿಗೂ. ಉತ್ತರ ಬರೆದೆವು. ಆ ವರ್ಷ ನನಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಕಂಪನಿಯ ಹೆಸರು ಕಪ್ಪು ಪಟ್ಟಿಗೆ ಹೋಗಲಿಲ್ಲ.

ರಾಯಲ್ಪಾಡು

ಕಂಪನಿಯ ಯಜಮಾನರು ರಾಘವನ್ ಎಂಬವರು. ಐವತ್ತರ ವಯಸ್ಸು, ಬೆಂಗಳೂರಿನಿಂದಾಚೆ ಬಸ್ಸಿನಲ್ಲಿ ಹೋದವರಲ್ಲ. ತೊಡೆಯ ಮೇಲೆ ಕಂಪ್ಯೂಟರ್ ಕಾಗದದ ಕಟ್ಟು ಇಟ್ಟುಕೊಂಡು, ಟೊಮೇಟೊ ಬುಟ್ಟಿಗಳ ನಡುವೆ ನನ್ನ ಜೊತೆ ಶ್ರೀನಿವಾಸಪುರದಿಂದ ಬಂದರು. ದಾರಿಯುದ್ದಕ್ಕೂ ಮಾವಿನ ತೋಪು. ಅರ್ಧ ದಾರಿಗೆ ಬಂದ ಮೇಲೆ ಒಂದು ಮಾತು ಕೇಳಿದರು, "ನನ್ನ ಬಗ್ಗೆ ಯಾಕಮ್ಮ ಒಳ್ಳೇದು ಬರೆದ್ರಿ?"

"ಒಳ್ಳೇದು ಬರೀಲಿಲ್ಲ ಸಾರ್. ಆಗಿದ್ದು ಬರೆದೆ" ಎಂದೆ. "ನಾವು ತಪ್ಪಾಗಿ ಕೇಳಿದ್ವಿ, ನೀವು ಕೇಳಿದ್ದನ್ನ ಕೊಟ್ರಿ. ಕೊಡೋ ಮುಂಚೆ ನೀವೂ ಒಂದ್ಸಲ ನಮ್ಮನ್ನ ಕೇಳಬಹುದಿತ್ತು."

"ಕೇಳಬಹುದಿತ್ತು" ಎಂದರು ಅವರು.

ಪಡಿತರ ಅಂಗಡಿಯ ಜಗಲಿಯ ಮೇಲೆ ಬೆಂಚು ಹಾಕಿದ್ದರು. ಊರಿನ ಪೋಸ್ಟ್‌ಮ್ಯಾನ್ ರೆಡ್ಡೆಪ್ಪ ನನ್ನ ಪಕ್ಕ ನಿಂತ. ಅವನಿಗೆ ಊರಿನವರು ಇಟ್ಟ ಹೆಸರು ಟಪಾಲ್ ರೆಡ್ಡೆಪ್ಪ. ಬೇರೆ ಇನ್ನೂ ನಾಲ್ಕು ಜನ ರೆಡ್ಡೆಪ್ಪರಿದ್ದರು. ನಾನು ಒಂದೊಂದೇ ಹೆಸರು ಓದಿದೆ. ಮುನಿಯಪ್ಪರ ಸರದಿ ಬಂದಾಗ ರೆಡ್ಡೆಪ್ಪ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡ.

"ನೀವು ಓದಿದ್ರೆ ಹನ್ನೊಂದು ಜನಾನೂ ಒಟ್ಗೆ ಎದ್ದು ಬಂದ್ಬಿಡ್ತಾರೆ ಅಮ್ಮ. ನಾನು ಕೂಗ್ತೀನಿ."

ಬಾವಿ ಮುನಿಯಪ್ಪ, ಮಿಲಿಟ್ರಿ ಮುನಿಯಪ್ಪ, ರೇಷ್ಮೆ ಮುನಿಯಪ್ಪ, ಬೀಡಿ ಮುನಿಯಪ್ಪ, ಎರಡೆತ್ತಿನ ಮುನಿಯಪ್ಪ. ಕೂಗಿದಂತೆಲ್ಲ ಒಬ್ಬೊಬ್ಬರು ಗುಂಪಿನೊಳಗಿನಿಂದ, "ವಸ್ತಾ ಉಂಡಾನು" ಎಂದು ಎದ್ದು ಬಂದರು. ಬಂದೆ, ಬಂದೆ ಎನ್ನುವುದು ತೆಲುಗಿನಲ್ಲಿ. ರಾಘವನ್ ತಾವೇ ಪೆನ್ನು ಹಿಡಿದು ಹೊಸ ಕಾಲಮಿನಲ್ಲಿ ಬರೆದುಕೊಂಡರು. ಬೀಡಿ ಮುನಿಯಪ್ಪ ಬಗ್ಗಿ ನೋಡಿ, "ಸಾಮಿ, ಬೀಡಿ ಬಿಟ್ಟು ಎಲ್ಡು ವರ್ಷ ಆಯ್ತು" ಎಂದ. ಹೆಂಗಸರು ನಕ್ಕರು. ರೆಡ್ಡೆಪ್ಪ, "ಹೆಸ್ರು ಬಿಡಲ್ಲ ಕಣೋ" ಎಂದ. ಸಂಜೆಯ ಹೊತ್ತಿಗೆ ಹನ್ನೊಂದೂ ಸಿಕ್ಕಿತು. ಜನ ಎದ್ದು ಮನೆಗೆ ಹೋಗತೊಡಗಿದರು.

ಒಬ್ಬ ಮಾತ್ರ ಜಗಲಿಯ ಕೆಳಗೆ ಟವಲ್ಲು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ. ಅರವತ್ತರ ಹತ್ತಿರದವನು. ರೆಡ್ಡೆಪ್ಪನನ್ನು ಕೇಳಿದೆ, ಯಾರು ಎಂದು.

"ಇವ್ನೂ ಮುನಿಯಪ್ಪನೇ ಅಮ್ಮ. ಬಿನ್ ವೆಂಕಟಪ್ಪ. ಇವನ್ದು ಕಾರ್ಡಿಲ್ಲ."

"ಕಂಪ್ಯೂಟರ್‌ನಲ್ಲಿ ಹೋಯ್ತಾ?"

"ಇಲ್ಲಮ್ಮ. ಯಾವತ್ತೂ ಇರ್ಲಿಲ್ಲ."

ಕೂತಿದ್ದವನು ಎದ್ದು ನಿಂತ. "ಕಾರ್ಡು ಕೊಡ್ತಾರೆ ಅಂದಾಗ ಶ್ರೀನಿವಾಸ್ಪುರಕ್ಕೆ ಬಂದಿದ್ದೆ ತಾಯಿ. ಬಾಳ ವರ್ಷ ಆಯ್ತು. ಬಿನ್ ವೆಂಕಟಪ್ಪ ಅಂದೆ. ನಿಂದು ಆಗ್ಲೇ ಬರ್ದಿದೆ ಹೋಗಪ್ಪ ಅಂದ್ರು. ಬಂದ್ಬಿಟ್ಟೆ. ಇವತ್ತು ಎಲ್ರ ಹೆಸ್ರೂ ಕೂಗ್ತಾರೆ ಅಂದ್ರು, ನಂದೂ ಕೂಗ್ತಾರೇನೋ ಅಂತ."

ಗೋಣಿಚೀಲದಲ್ಲಿ ಬೆಂಗಳೂರಿಗೆ ಹೋಗಿದ್ದ ಆ ಮೂಲ ರಿಜಿಸ್ಟರು ಅಲ್ಲೇ ಬೆಂಚಿನ ಮೇಲಿತ್ತು. ತೆರೆದೆ. ಮುನಿಯಪ್ಪ ಬಿನ್ ವೆಂಕಟಪ್ಪ ಎಂದು ಒಂದು ಹೆಸರಿತ್ತು. ಅದು ಮಿಲಿಟ್ರಿ ಮುನಿಯಪ್ಪನದು. ಅಕ್ಷರ ದುಂಡಗೆ, ಒತ್ತಾಗಿ, ಗೆರೆಯ ಮೇಲೆ ಕೂತ ಹಾಗಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದಾಗ, ಶ್ರೀನಿವಾಸಪುರದ ತಾಲ್ಲೂಕು ಕಚೇರಿಯಲ್ಲಿ ನಾನೇ ಬರೆದ ರಿಜಿಸ್ಟರು ಅದು. ಕಿಟಕಿಯಲ್ಲಿ ಕೂತು, ಎದುರು ಸಾಲು ನಿಂತವರ ಮುಖ ನೋಡದೆ ಹೆಸರು ಕೇಳಿ ಬರೆಯುತ್ತಿದ್ದೆ. ಬೇಗ ಮುಗಿಸುತ್ತೇನೆ ಎಂದು ಶಿರಸ್ತೇದಾರರು ಹೊಗಳಿದ್ದರು. ಈ ಮನುಷ್ಯನ ಮುಖ ನನಗೆ ನೆನಪಿರಲಿಲ್ಲ. ಅವನಿಗೂ ನನ್ನದು ನೆನಪಿರಲಿಲ್ಲ.

"ಆಗ ಆ ಕಿಟಕೀಲಿ ಕೂತಿದ್ದೋಳು ನಾನೇ ಅಪ್ಪ" ಎಂದೆ. "ಹೋಗಪ್ಪ ಅಂದಿದ್ದೂ ನಾನೇ."

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಬಯ್ಯುತ್ತಾನೆ ಅಂದುಕೊಂಡೆ. "ಅವತ್ತು ಜನ ಬಾಳ ಇದ್ರು ತಾಯಿ" ಎಂದ.

ರಾಘವನ್ ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಅವನು ಕೂರಲು ಹಿಂಜರಿದ. ಕೈ ಹಿಡಿದು ಕೂರಿಸಿದರು. ನಾನು ಪಟ್ಟಿಯ ಕೊನೆಯ ಸಾಲಿನ ಕೆಳಗೆ ಹನ್ನೆರಡನೆಯ ಮುನಿಯಪ್ಪನನ್ನು ಬರೆದೆ. ತಂದೆಯ ಹೆಸರು ಬರೆದೆ. ಮನೆಯಲ್ಲಿ ಎಷ್ಟು ಜನ ಎಂದು ಬರೆದೆ. ಆಮೇಲೆ ಹೊಸ ಕಾಲಮಿಗೆ ಬಂದೆ.

"ಊರಲ್ಲಿ ನಿಮ್ಮನ್ನ ಏನಂತ ಕರೀತಾರೆ?"

ಅವನು ಯೋಚನೆ ಮಾಡಿದ. ರೆಡ್ಡೆಪ್ಪನ ಕಡೆ ನೋಡಿದ. ರೆಡ್ಡೆಪ್ಪನೂ ಯೋಚಿಸುತ್ತಿದ್ದ.

"ಬ್ಯಾರೆ ಹೆಸ್ರು ಯಾರೂ ಇಟ್ಟಿಲ್ಲ ತಾಯಿ" ಎಂದ. "ಕರೆದ್ರೆ ಮುನಿಯಪ್ಪ ಅಂತಾನೇ ಕರೀತಾರೆ."

ಹಾಗೆಯೇ ಬರೆದುಕೊಂಡೆ. ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದಿ ಅಂದ. ಓದಿದೆ.